ಮೊದಲನೇ ವ್ಯಾಟು

ತುಮಕೂರಿನಲ್ಲಿ ಯಾವ ಸ್ಪೀಕರ್ ಅಂಗಡಿಯ ಮೆಟ್ಟಿಲು ಹತ್ತಿದರೂ ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ವ್ಯಾಟಿಂದು ಬೇಕು ಸಾರ್?’ ಬಾಳೆಹಣ್ಣನ್ನು ಡಜನ್ನಿನಲ್ಲಿ, ಕೊಬ್ಬರಿಯನ್ನು ಕ್ವಿಂಟಾಲಿನಲ್ಲಿ ಕೇಳುವ ಹಾಗೆ ಸದ್ದನ್ನು ವ್ಯಾಟಿನಲ್ಲಿ ಕೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ತೊಂಬತ್ತರ ದಶಕದ ಟೇಪ್‌ರೆಕಾರ್ಡರುಗಳ ಮೂತಿಯ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂಬ ಬೆಳ್ಳಿ ಬಣ್ಣದ ಸ್ಟಿಕ್ಕರು ಹೊಳೆಯುತ್ತಿತ್ತಲ್ಲ, ಅದೇ ಪೆಟ್ಟಿಗೆಯ ಬೆನ್ನಿನಲ್ಲಿ ಅದು ಪ್ಲಗ್ಗಿನಿಂದ ಎಳೆಯುವ ಕರೆಂಟು ಮೂವತ್ತೋ ನಲವತ್ತೋ ವ್ಯಾಟು ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು. ಮೂವತ್ತು ತಿಂದು ಸಾವಿರ ಕೊಡುವ ಕಾಮಧೇನು! ಹಿಂದೆ ತಿರುಗಿಸಿ ನೋಡಿದವರು ಕಡಿಮೆ.

ಇದೀಗ ಆ ಪ್ರಶ್ನೆ ಮತ್ತೆ ಎದ್ದದ್ದು ಇಬ್ಬರು ಗೆಳೆಯರ ಜಗಳದಿಂದ. ಒಬ್ಬರು ಗುಬ್ಬಿಯವರು, ನಿವೃತ್ತ ಮೇಷ್ಟ್ರು. ಹಳೆಯ ರೇಡಿಯೊಗ್ರಾಮಿನ ಮರದ ಪೆಟ್ಟಿಗೆ, ಅದರ ಕಾಗದದ ದೊಡ್ಡ ಸ್ಪೀಕರ್‌ಗಳು, ಎರಡು ಇಎಲ್84 ವಾಲ್ವು, ಒಂದು ಇಸಿಸಿ83 ಇಷ್ಟನ್ನು ಕೂಡಿಸಿ ಚಾನೆಲ್ಲಿಗೆ ನಾಲ್ಕೈದು ವ್ಯಾಟಿನ ಆಂಪ್ಲಿ ಮಾಡಿಸಿಕೊಂಡಿದ್ದಾರೆ. ಇನ್ನೊಬ್ಬರು ಕುಣಿಗಲ್ಲಿನವರು, ಚಾನೆಲ್ಲಿಗೆ 100 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಯ ಒಡೆಯರು. ‘ನಾಲ್ಕು ವ್ಯಾಟು ದೇವರ ಮನೆಯ ಸೀರಿಯಲ್ ಸೆಟ್ಟಿಗೂ ಸಾಲಲ್ಲ’ ಎಂದು ಕುಣಿಗಲ್ಲು, ‘ನಿಮ್ಮದು ಸದ್ದು, ನಮ್ಮದು ಸಂಗೀತ’ ಎಂದು ಗುಬ್ಬಿ. ನಡುವೆ ತುಮಕೂರಿನಲ್ಲಿ ನಾನು. ನನ್ನ ಬಳಿ ಇರುವುದು ಅಂಗೈಯಗಲದ ಡಿ-ಕ್ಲಾಸ್ ಬೋರ್ಡು. ಟಿಪಿಎ3116 ಎಂಬ ಚಿಪ್ಪಿನದು, ಲ್ಯಾಪ್‌ಟಾಪಿನದೊಂದು ಹಳೆಯ ಅಡಾಪ್ಟರಿನಿಂದ ನಡೆಯುತ್ತದೆ. ಅದರ ಬೆಲೆ ಹೇಳಿದರೆ ಇಬ್ಬರೂ ಒಟ್ಟಾಗಿ ನಗುತ್ತಾರೆ, ಆದ್ದರಿಂದ ಹೇಳುವುದಿಲ್ಲ.

ಮೊದಲು ಲೆಕ್ಕ. ನಾವು ಮನೆಯಲ್ಲಿ ಹಾಡು ಕೇಳುವಾಗ ನಿಜಕ್ಕೂ ಎಷ್ಟು ವ್ಯಾಟು ಖರ್ಚಾಗುತ್ತದೆ? ಸ್ಪೀಕರಿನ ಕಾಗದಪತ್ರದಲ್ಲಿ ‘ಸೆನ್ಸಿಟಿವಿಟಿ’ ಎಂದೊಂದು ಅಂಕೆ ಇರುತ್ತದೆ. ಒಂದು ವ್ಯಾಟು ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಎಂದು ಅದರ ಅರ್ಥ. ಈಗಿನ ಪುಟ್ಟ ಸ್ಪೀಕರ್‌ಗಳದು ಸಾಮಾನ್ಯವಾಗಿ 85ರಿಂದ 87. ಅಂಥ ಎರಡಕ್ಕೆ ತಲಾ ಒಂದು ವ್ಯಾಟು ಕೊಟ್ಟರೆ, ಗೋಡೆಗಳ ನೆರವೂ ಸೇರಿ, ಮೂರು ಮೀಟರ್ ಆಚೆಯ ಕುರ್ಚಿಗೆ 80 ಡೆಸಿಬೆಲ್ ದಾಟಿ ತಲುಪುತ್ತದೆ. ಎದುರು ಕೂತವರ ಮಾತು ಸುಮಾರು 60. ಹಾಡನ್ನು ಮನಸ್ಸಿಟ್ಟು ಕೇಳುವಾಗ ಸರಾಸರಿ 70, ಹೆಚ್ಚೆಂದರೆ 75. ಡೆಸಿಬೆಲ್ಲಿನ ಏಣಿ ವಿಚಿತ್ರದ್ದು: ಹತ್ತು ಮೆಟ್ಟಿಲು ಇಳಿದರೆ ವ್ಯಾಟು ಹತ್ತನೇ ಒಂದು ಪಾಲಾಗುತ್ತದೆ. ಅಂದರೆ ಸರಾಸರಿ ಲೆಕ್ಕದಲ್ಲಿ ನಮ್ಮ ಸಂಜೆಯ ಸಂಗೀತವೆಲ್ಲ ನಡೆಯುವುದು ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ಕುಣಿಗಲ್ಲಿನ ಗೆಳೆಯರ ನೂರು ವ್ಯಾಟಿನಲ್ಲಿ ತೊಂಬತ್ತೊಂಬತ್ತು ಬಹುಪಾಲು ಹೊತ್ತು ನಿದ್ದೆ ಮಾಡುತ್ತಿರುತ್ತವೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಅಳೆಯಬಹುದು. ಬೇಕಾದ್ದು ಎಲೆಕ್ಟ್ರಿಷಿಯನ್ನರ ಮಲ್ಟಿಮೀಟರ್ ಮಾತ್ರ. ಪ್ರೀತಿಯ ಹಾಡು ಹಾಕಿ ವಾಲ್ಯೂಮನ್ನು ನಿಮ್ಮ ಮಟ್ಟಿಗೆ ‘ಜೋರು’ ಎನ್ನುವಲ್ಲಿಗೆ ತಿರುಗಿಸಿ. ಆ ಗುಂಡಿಯನ್ನು ಇನ್ನು ಮುಟ್ಟಬೇಡಿ. ಹಾಡು ನಿಲ್ಲಿಸಿ, 120 ಹರ್ಟ್ಸಿನ, ಗರಿಷ್ಠಕ್ಕಿಂತ 12 ಡೆಸಿಬೆಲ್ ತಗ್ಗಿಸಿದ ಪರೀಕ್ಷಾ ನಾದವನ್ನು ಹಾಕಿ (ಫೋನಿನ ಟೋನ್ ಜನರೇಟರುಗಳಲ್ಲಿ ಸಿಗುತ್ತದೆ). ಸ್ಪೀಕರಿನ ಎರಡು ತುದಿಗೆ ಮೀಟರನ್ನು ಎಸಿ ವೋಲ್ಟಿನಲ್ಲಿ ಹಿಡಿದು ಬಂದ ಅಂಕೆಯನ್ನು ನಾಲ್ಕರಿಂದ ಗುಣಿಸಿ. ಧ್ವನಿಮುದ್ರಣದ ಅತಿ ಎತ್ತರದ ಕ್ಷಣದಲ್ಲಿ ನಿಮ್ಮ ಆಂಪ್ಲಿ ಕೊಡಬೇಕಾದ ವೋಲ್ಟು ಅದು. ಅದನ್ನು ಅದರಿಂದಲೇ ಗುಣಿಸಿ ಎಂಟರಿಂದ ಭಾಗಿಸಿದರೆ ವ್ಯಾಟು. ನನ್ನ ಕೋಣೆಯಲ್ಲಿ ಬಂದದ್ದು 0.7, ನಾಲ್ಕರಿಂದ ಗುಣಿಸಿದರೆ 2.8 ವೋಲ್ಟು. ಸರಿಸುಮಾರು ಒಂದು ವ್ಯಾಟು, ಅದೂ ಅತಿ ಎತ್ತರದ ಕ್ಷಣಕ್ಕೆ! ಎರಡು ಸಲ ಅಳೆದೆ, ಮೀಟರಿನ ಸೆಲ್ಲು ಬದಲಾಯಿಸಿ ಮೂರನೇ ಸಲವೂ ಅಳೆದೆ.

ಹಾಗಂತ ನಾಲ್ಕು ವ್ಯಾಟು ಎಲ್ಲರಿಗೂ ಸಾಕು ಎಂದು ಹೊರಟರೆ ಗುಬ್ಬಿಯವರ ಹಾಗೆ ಮಾತಾಡಿದಂತಾಗುತ್ತದೆ. ಸಂಗೀತ ಸರಾಸರಿಯಲ್ಲಿ ಬದುಕುವುದಿಲ್ಲ. ಮೃದಂಗದ ಒಂದು ಬಿಗಿ ಪೆಟ್ಟು, ತಮಟೆಯ ಏಟು ಸರಾಸರಿಗಿಂತ 15–20 ಡೆಸಿಬೆಲ್ ಮೇಲಕ್ಕೆ ಹಾರುತ್ತದೆ. ಇಪ್ಪತ್ತು ಡೆಸಿಬೆಲ್ ಎಂದರೆ ನೂರು ಪಟ್ಟು ವ್ಯಾಟು. ಸರಾಸರಿ 0.1 ವ್ಯಾಟಿನಲ್ಲಿ ಹಾಡುತ್ತಿರುವ ಪೆಟ್ಟಿಗೆ ಆ ಕ್ಷಣಕ್ಕೆ ಹತ್ತು ವ್ಯಾಟು ಬೇಡುತ್ತದೆ. ಇಲ್ಲಿ ನಾಲ್ಕು ವ್ಯಾಟಿನ ತಲೆ ಸೂರಿಗೆ ಬಡಿಯುತ್ತದೆ. ಆದರೆ ಗುಬ್ಬಿಯ ರೇಡಿಯೊಗ್ರಾಮಿನ ಆ ಹಳೆಯ ಹಗುರ ಕಾಗದದ ಸ್ಪೀಕರ್‌ಗಳ ಸೆನ್ಸಿಟಿವಿಟಿ 95ರ ಸುತ್ತಮುತ್ತ ಇದೆ. ಅವಕ್ಕೆ ಅದೇ ಸದ್ದಿಗೆ ಎಂಟನೇ ಒಂದು ಭಾಗ ಸಾಕು. ಹತ್ತು ವ್ಯಾಟಿನ ಪೆಟ್ಟು ಅಲ್ಲಿ ಒಂದೂಕಾಲು ವ್ಯಾಟಿನಲ್ಲಿ ಮುಗಿಯುತ್ತದೆ. ಜಗಳ ವಾಲ್ವು–ಟ್ರಾನ್ಸಿಸ್ಟರಿನದು ಎಂದು ಇಬ್ಬರೂ ಕಿತ್ತಾಡುತ್ತಿದ್ದರು. ನಿಜವಾದ ಅಂತರ ಇದ್ದದ್ದು ಸ್ಪೀಕರಿನಲ್ಲಿ.

ಗುಬ್ಬಿಯಂಥ ಊರಿನ ನೆರೆಯಲ್ಲಿ ಕೂತು ಇದನ್ನು ಬರೆಯಬೇಕಾಗಿ ಬಂದದ್ದೇ ತಮಾಷೆ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ತನ್ನ ಮೊದಲ ದಶಕಗಳನ್ನು ಮೈಕಿಲ್ಲದೆ ಕಳೆದ ಕಂಪನಿ. ಮುಂದೆ ವೀರಣ್ಣನವರ ಕಾಲಕ್ಕೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ ಕಂಪನಿ. ಮನುಷ್ಯ ಸಹಜವಾಗಿ ಮಾತಾಡುವಾಗ ಬಾಯಿಂದ ಹೊರಡುವ ನಾದಶಕ್ತಿ ಒಂದು ವ್ಯಾಟಿನ ಲಕ್ಷದಲ್ಲಿ ಒಂದೆರಡು ಪಾಲು. ಎತ್ತರದ ಶ್ರುತಿ ಹಿಡಿದು, ಕಾಲು ಹಾರ್ಮೋನಿಯಂ ಜೊತೆಗೆ ಗಂಟಲು ಬಿಟ್ಟು ಹಾಡಿದರೆ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ, ನಿಜ. ಆದರೂ ಅಂಕೆ ಚಿಕ್ಕದೇ. ಕಡೆಯ ಸಾಲಿನವನಿಗೂ ಕಂದಪದ್ಯ ತಲುಪಿದ್ದು ಆ ಚಿಕ್ಕ ಅಂಕೆಯ ಮೇಲೆ, ಮತ್ತು ಪಿಸುಗುಟ್ಟದೆ ಕೂತ ಜನರ ಮೇಲೆ.

ನಮ್ಮ ಸ್ಪೀಕರುಗಳಾದರೋ ಮಹಾ ದುಂದುಗಾರರು. 86 ಡೆಸಿಬೆಲ್ಲಿನ ಸ್ಪೀಕರು ತನಗೆ ಕೊಟ್ಟ ವಿದ್ಯುತ್ತಿನಲ್ಲಿ ನಾದವಾಗಿ ಮಾಡುವುದು ನೂರರಲ್ಲಿ ಕಾಲು ಪಾಲು, ಅಂದರೆ ಸಾವಿರಕ್ಕೆ ಎರಡೂವರೆ. ಉಳಿದದ್ದೆಲ್ಲ ಒಳಗಿನ ತಂತಿಯ ಸುರುಳಿಯನ್ನು ಬಿಸಿ ಮಾಡಿ ಮುಗಿಯುತ್ತದೆ. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಕಹಳೆ ಹಾರ್ನು ಇದಕ್ಕಿಂತ ಹತ್ತಾರು ಪಟ್ಟು ಜಾಣ. ಯಡಿಯೂರಿನ ತೇರಿನ ಹೊತ್ತಿನಲ್ಲಿ ಎರಡು ಊರಾಚೆಗೆ ಕೇಳಿಸುವುದು ಅದರಿಂದಲೇ. ಇದೇ ಜಾಣತನವನ್ನು ಹಳೆಯ ಸಿನಿಮಾ ಮಂದಿರಗಳು ಬಳಸಿದ್ದವು. 1930ರ ದಶಕದಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಚಿಕ್ಕ ಟಾಕೀಸುಗಳಿಗೆಂದು ಮಾಡಿದ ‘91’ ಮಾದರಿಯ ಆಂಪ್ಲಿಯಲ್ಲಿ ಕೊನೆಗೆ ದುಡಿಯುತ್ತಿದ್ದದ್ದು ಒಂದೇ ಒಂದು 300 ಸರಣಿಯ ಟ್ರಯೋಡು. ಕೊಡುತ್ತಿದ್ದದ್ದು ಸುಮಾರು ಎಂಟು ವ್ಯಾಟು. ದೊಡ್ಡ ಹಾರ್ನುಗಳಿದ್ದ ಕಾರಣ ಎಂಟು ವ್ಯಾಟಿಗೆ ಒಂದು ಟಾಕೀಸು ತುಂಬಿತು. ಅದೇ ವಂಶದ 300ಬಿ ವಾಲ್ವಿಗಾಗಿ ಈಗ ಲೋಕದ ಶ್ರೀಮಂತ ಶ್ರೋತೃಗಳು ಒಂದು ಬೈಕಿನ ಬೆಲೆ ಕೊಡುತ್ತಾರೆ.

ಹಾಗಾದರೆ ವಾಲ್ವಿನ ಒಳಗೆ ಆಗುವುದೇನು? ಕನ್ನಡದಲ್ಲಿ ಅದಕ್ಕೆ ಸರಿಯಾದ ಹೆಸರು ತೂಬು ಎಂದೇ ನನ್ನ ವಾದ. ಕುಣಿಗಲ್ ದೊಡ್ಡಕೆರೆಯನ್ನು ನೆನೆಸಿಕೊಳ್ಳಿ. ಕೆರೆಯಲ್ಲಿ ನೀರಿನ ಒತ್ತಡ ಅಗಾಧ. ತೂಬಿನ ಕದ ಎತ್ತಲು ಬೇಕಾದ ಬಲ ಅದರ ಮುಂದೆ ಏನೇನೂ ಅಲ್ಲ. ಕದ ಒಂದು ಗೇಣು ಆಡಿದರೆ ಕಾಲುವೆಯಲ್ಲಿ ಗದ್ದೆಗಟ್ಟಲೆ ನೀರು ಏರಿಳಿಯುತ್ತದೆ. ವಾಲ್ವಿನಲ್ಲಿ ಕೆರೆ ಎಂದರೆ 250 ವೋಲ್ಟಿನ ಒತ್ತಡ, ನೀರು ಎಂದರೆ ಕಾದ ಕ್ಯಾಥೋಡಿನಿಂದ ಹೊರಡುವ ಎಲೆಕ್ಟ್ರಾನುಗಳು, ಕದ ಎಂದರೆ ಗ್ರಿಡ್ ಎಂಬ ತಂತಿಯ ಜಾಲರಿ. ಹಾಡಿನ ಬಡಪಾಯಿ ಸಿಗ್ನಲ್ಲು ಹೋಗಿ ಆ ಕದವನ್ನು ಅಲುಗಿಸುತ್ತದೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರನೆಯ ತಂತಿಯಾಗಿ ಈ ಜಾಲರಿಯನ್ನು ಸೇರಿಸಿದಾಗ ಅದು ಹೇಗೆ ಕೆಲಸ ಮಾಡುತ್ತದೆಂದು ಅವನಿಗೇ ಪೂರ್ತಿ ತಿಳಿದಿರಲಿಲ್ಲ.

ಗುಬ್ಬಿಯವರ ಆಂಪ್ಲಿಯಂಥದ್ದನ್ನು ‘ಸಿಂಗಲ್ ಎಂಡೆಡ್’, ‘ಎ ಕ್ಲಾಸ್’ ಎನ್ನುತ್ತಾರೆ. ಅಲ್ಲಿ ತೂಬು ಯಾವಾಗಲೂ ಅರ್ಧ ತೆರೆದೇ ಇರುತ್ತದೆ. ಹಾಡು ಇರಲಿ ಬಿಡಲಿ ನೀರು ಹರಿಯುತ್ತಲೇ ಇರಬೇಕು. ಹಾಡು ಬಂದಾಗ ಕದ ಅರ್ಧದಿಂದ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಕುಣಿಗಲ್ಲಿನವರದು ‘ಎಬಿ ಕ್ಲಾಸ್’. ಎರಡು ತೂಬು, ಒಂದು ಅಲೆಯ ಮೇಲರ್ಧಕ್ಕೆ, ಇನ್ನೊಂದು ಕೆಳಗರ್ಧಕ್ಕೆ; ಒಂದು ದುಡಿಯುವಾಗ ಇನ್ನೊಂದಕ್ಕೆ ವಿಶ್ರಾಂತಿ. ಉಳಿತಾಯ ಬಹಳ. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವ ಗಳಿಗೆಯಲ್ಲಿ ಒಂದು ಸಣ್ಣ ಎಡವು, ಅದೂ ಸದ್ದು ಕಡಿಮೆ ಇರುವಾಗಲೇ ಹೆಚ್ಚು ಕಾಣುವಂಥದ್ದು. ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಗಳು ಕೆಟ್ಟ ಹೆಸರು ತಂದುಕೊಂಡದ್ದಕ್ಕೆ ಈ ಎಡವು ದೊಡ್ಡ ಕಾರಣ. ಈಗ ಒಳ್ಳೆಯ ಆಂಪ್ಲಿಯಲ್ಲಿ ಅದು ಮೀಟರಿಗಷ್ಟೇ ಕಾಣುತ್ತದೆ. ನನ್ನ ಡಿ-ಕ್ಲಾಸಿನದು ಮೂರನೆಯ ದಾರಿ: ಕದ ಪೂರ್ತಿ ತೆರೆ, ಪೂರ್ತಿ ಮುಚ್ಚು, ಸೆಕೆಂಡಿಗೆ ನಾಲ್ಕು ಲಕ್ಷ ಸಲ. ಎಷ್ಟು ಹೊತ್ತು ತೆರೆದಿತ್ತು ಎನ್ನುವುದರಲ್ಲೇ ಹಾಡು ಅಡಗಿರುತ್ತದೆ. ಮುಂದಿನ ಸುರುಳಿ ಮತ್ತು ಕೆಪಾಸಿಟರು ಆ ಪಟಪಟವನ್ನೆಲ್ಲ ಸೋಸಿ ಅಲೆ ಮಾಡುತ್ತವೆ. ಅರ್ಧ ತೆರೆದು ನಿಲ್ಲುವ ಮಾತೇ ಇಲ್ಲದ್ದರಿಂದ ಸೋರಿಕೆ ಕಡಿಮೆ. ಪೂರ್ತಿ ದುಡಿಯುವಾಗ ನೂರಕ್ಕೆ ತೊಂಬತ್ತರ ಹತ್ತಿರ ಸ್ಪೀಕರಿಗೆ ಸಲ್ಲುತ್ತದೆ.

ಎ ಕ್ಲಾಸಿನ ಸೋರಿಕೆಯ ಲೆಕ್ಕ ಬೇಕೇ? ಒಂದು ಇಎಲ್84ರಲ್ಲಿ 250 ವೋಲ್ಟಿನಲ್ಲಿ 48 ಮಿಲಿಆಂಪಿಯರ್ ಸದಾ ಹರಿಯುತ್ತಿರಬೇಕು. ಹನ್ನೆರಡು ವ್ಯಾಟು. ಅದನ್ನು ಕಾಯಿಸುವ ಹೀಟರಿಗೆ 6.3 ವೋಲ್ಟಿನಲ್ಲಿ ಮುಕ್ಕಾಲು ಆಂಪಿಯರ್, ಸುಮಾರು ಐದು ವ್ಯಾಟು. ಎರಡು ಬುರುಡೆ, ಮುಂದಿನ ಇಸಿಸಿ83, ಟ್ರಾನ್ಸ್‌ಫಾರ್ಮರಿನ ನಷ್ಟ ಎಲ್ಲ ಸೇರಿ ಗೋಡೆಯಿಂದ ಐವತ್ತು ವ್ಯಾಟು ಎಳೆದು ಮೇಷ್ಟ್ರಿಗೆ ಎಂಟು–ಹತ್ತು ವ್ಯಾಟು ಕೊಡುತ್ತದೆ, ಅದನ್ನೂ ಅವರು ಬಳಸುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಆ ಕೋಣೆಯಲ್ಲಿ ಕೂತರೆ ಇದು ಲೆಕ್ಕವಾಗಿ ಉಳಿಯುವುದಿಲ್ಲ, ಬೆವರಾಗಿ ಇಳಿಯುತ್ತದೆ. ಆಗ ಫ್ಯಾನು ಹಾಕುತ್ತಾರೆ. ಸೀಲಿಂಗ್ ಫ್ಯಾನಿನ ಸದ್ದು 50 ಡೆಸಿಬೆಲ್ ಹತ್ತಿರ. ಆ ಗಾಳಿಯ ಅಡಿಯಲ್ಲಿ, ಸಾವಿರಕ್ಕೊಂದು ಪಾಲಿನ ದೋಷ ಯಾವ ಆಂಪ್ಲಿಯದು ಕಡಿಮೆ ಎಂದು ವಾದ ಹೂಡುವುದು ಬಿ.ಎಚ್. ರಸ್ತೆಯ ಪಕ್ಕ ನಿಂತು ಸೊಳ್ಳೆಯ ಶ್ರುತಿ ಹಿಡಿದ ಹಾಗೆ.

ವಾಲ್ವಿನ ಸಂಸಾರದಲ್ಲಿ ನಿಜವಾಗಿ ದುಡ್ಡು ಬೇಡುವ ಅಂಗ ಬುರುಡೆಯಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ವಾಲ್ವಿಗೆ ಒಗ್ಗುವುದು ಹೆಚ್ಚು ವೋಲ್ಟು, ಕಡಿಮೆ ಕರೆಂಟು. ಸ್ಪೀಕರಿಗೆ ಇದರ ತದ್ವಿರುದ್ಧ. ಇಎಲ್84 ಐದು ಸಾವಿರ ಓಮ್ ನೋಡಬಯಸುತ್ತದೆ, ಸ್ಪೀಕರು ಎಂಟು. ನಡುವೆ 25 ಸುತ್ತಿಗೆ ಒಂದು ಸುತ್ತು ಎಂಬ ಲೆಕ್ಕದ ಸುರುಳಿ ಸಂಧಾನ ಮಾಡಿಸಬೇಕು. ಸಂಧಾನಕಾರ ಸಣ್ಣವನಾದರೆ ಕೆಳಸ್ಥಾಯಿ ಮಾಯ. ಕಬ್ಬಿಣ ಕಡಿಮೆ ಹಾಕಿದ ಅಗ್ಗದ ಟ್ರಾನ್ಸ್‌ಫಾರ್ಮರಿನಿಂದ ಮೃದಂಗದ ಎಡಗಡೆ ಡಬ್ಬ ಬಡಿದಂತೆ ಕೇಳಿದರೆ ಅದಕ್ಕೆ ‘ವಾಲ್ವಿನ ಮೃದುತ್ವ’ ಎಂದು ಹೆಸರಿಡುವವರನ್ನು ನೋಡಿದ್ದೇನೆ.

ಈ ಬುರುಡೆಗಳು ನಮಗೆ ಪರದೇಶಿ ಸರಕೇನಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡತೊಡಗಿತು. ಮರುವರ್ಷ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಟ್ರಾನ್ಸಿಸ್ಟರನ್ನೂ ಮಾಡತೊಡಗಿತು. ಅಜ್ಜನೂ ಮೊಮ್ಮಗನೂ ವರ್ಷದ ಅಂತರದಲ್ಲಿ ಒಂದೇ ಮನೆಯಲ್ಲಿ ಹುಟ್ಟಿದಂತೆ! ಲೋಕದ ಬೇರೆಡೆ ವಾಲ್ವಿಗೆ ಆಗಲೇ ವಯಸ್ಸಾಗಿತ್ತು. ನಮ್ಮಲ್ಲಿ ಅದು ಇನ್ನೂ ಅಂಬೆಗಾಲು. ಅರವತ್ತು ಎಪ್ಪತ್ತರ ದಶಕದ ಮರ್ಫಿ, ಫಿಲಿಪ್ಸ್, ಬುಷ್ ರೇಡಿಯೊಗಳ ಬೆನ್ನು ಬಿಚ್ಚಿದರೆ ಗಾಜಿನ ಮೇಲೆ ‘ಬಿಇಎಲ್’ ಎಂಬ ಅಚ್ಚು ಕಾಣಸಿಗುವುದುಂಟು. ಸ್ವಿಚ್ಚು ಒತ್ತಿ ಅರ್ಧ ನಿಮಿಷ ಕಾಯಬೇಕಿದ್ದ, ಹಸಿರು ಕಣ್ಣು ಮೆಲ್ಲಗೆ ಅರಳಿದ ಮೇಲೆ ಬೆಂಗಳೂರು ಆಕಾಶವಾಣಿ ಕೇಳುತ್ತಿದ್ದ ಮನೆಗಳೆಲ್ಲ, ಅವಕ್ಕೆ ಗೊತ್ತಿಲ್ಲದೆಯೇ, ಕಡಿಮೆ ವ್ಯಾಟಿನ ವಾಲ್ವ್ ಆಂಪ್ಲಿಯ ಮನೆಗಳೇ ಆಗಿದ್ದವು. ಪ್ರದೇಶ ಸಮಾಚಾರವನ್ನು ಅಂಗಳಕ್ಕೆ ತಲುಪಿಸುತ್ತಿದ್ದದ್ದು ಎರಡು ಮೂರು ವ್ಯಾಟು. ಗುಬ್ಬಿಯವರ ಒಂದು ಬುರುಡೆ ಜಾಲಹಳ್ಳಿಯದು, ಇನ್ನೊಂದು ರಷ್ಯಾದ್ದು. ಜೋಡಿ ಸರಿಯಿಲ್ಲ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಈಗ ಹೊಸದು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳ ಬೆರಳೆಣಿಕೆಯ ಕಾರ್ಖಾನೆಗಳೇ ಗತಿ. 2022ರಲ್ಲಿ ಯುದ್ಧದ ಗಲಾಟೆಯಲ್ಲಿ ರಷ್ಯಾದ ಸರಕು ಕೆಲಕಾಲ ನಿಂತಾಗ ಜಗತ್ತಿನ ಗಿಟಾರ್ ವಾದಕರೆಲ್ಲ ಬೆಚ್ಚಿಬಿದ್ದಿದ್ದರು.

ಈಗ ಮುಖ್ಯ ಮಾತು. ವಾಲ್ವಿನ ದನಿ ‘ಬೆಚ್ಚಗಿದೆ’, ‘ತುಂಬಿದೆ’ ಎನ್ನುತ್ತಾರಲ್ಲ, ಅದು ಸುಳ್ಳೇ? ಅಲ್ಲ. ಆದರೆ ಅದು ಧ್ವನಿಮುದ್ರಣದಲ್ಲಿ ಇದ್ದದ್ದೂ ಅಲ್ಲ. ಒಂಟಿ ವಾಲ್ವಿನ ಆಂಪ್ಲಿ ಮೂಲ ಸ್ವರಕ್ಕೆ ತನ್ನದೊಂದಿಷ್ಟು ಸೇರಿಸುತ್ತದೆ, ಮುಖ್ಯವಾಗಿ ಎರಡು ಪಟ್ಟಿನ ಸ್ವರವನ್ನು. ಸಂಗೀತ ಬಲ್ಲವರ ಭಾಷೆಯಲ್ಲಿ ಹೇಳುವುದಾದರೆ ಹಾಡುಗಾರ ಮಧ್ಯಷಡ್ಜ ಹಿಡಿದರೆ ಆಂಪ್ಲಿ ಮೆಲ್ಲಗೆ ತಾರಷಡ್ಜವನ್ನು ಬೆರೆಸುತ್ತದೆ. ಮೂರು ಪಟ್ಟು ಎಂದರೆ ತಾರಪಂಚಮ, ನಾಲ್ಕು ಎಂದರೆ ಮತ್ತೆ ಷಡ್ಜ, ಐದು ಎಂದರೆ ಅಂತರ ಗಾಂಧಾರ. ಕೇಳಿದ್ದೀರಿ ಇದನ್ನೆಲ್ಲ ಎಲ್ಲೋ! ಚೆನ್ನಾಗಿ ಜೀವಾಳಿ ಹಾಕಿದ ತಂಬೂರಿ ಮಾಡುವುದೂ ಇದನ್ನೇ. ಮೀಟದೆಯೇ ಹುಟ್ಟುವ ಆ ಗಾಂಧಾರಕ್ಕೆ ಸ್ವಯಂಭೂ ಗಾಂಧಾರ ಎಂದು ಹೆಸರಿಟ್ಟು ನಮ್ಮ ವಿದ್ವಾಂಸರು ತಲೆದೂಗುತ್ತಾರೆ. ಒಂಟಿ ವಾಲ್ವಿನ ಆಂಪ್ಲಿ ಎಂದರೆ ಪ್ರತಿ ಹಾಡಿನ ಬೆನ್ನಿಗೂ ಕೂತ ಒಂದು ಪುಟ್ಟ ತಂಬೂರಿ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಅದರಲ್ಲಿ ಸೊಗಸಾಗದೆ ಇನ್ನೇನಾದೀತು?

ತೊಂದರೆ ಶುರುವಾಗುವುದು ಜನ ಹೆಚ್ಚಾದಾಗ. ಹತ್ತು ವಾದ್ಯ ಒಟ್ಟಿಗೆ ನುಡಿಯುವಾಗ ಅದೇ ದೋಷ ಪ್ರತಿ ಎರಡು ಸ್ವರಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಇವು ಯಾವ ರಾಗಕ್ಕೂ ಸೇರದ ಸ್ವರಗಳು. ರಾಜನ್–ನಾಗೇಂದ್ರರ ಚಿತ್ರಗೀತೆಯ ಪಿಟೀಲಿನ ತಂಡ ಒಮ್ಮೆಗೇ ಎದ್ದಾಗ ಗುಬ್ಬಿಯ ಪೆಟ್ಟಿಗೆಯಲ್ಲಿ ಪಿಟೀಲುಗಳು ಒಂದಕ್ಕೊಂದು ಅಂಟಿಕೊಂಡು ಬೆಲ್ಲದ ಪಾಕವಾಗುತ್ತವೆ. ಅಲ್ಲೇ ಕುಣಿಗಲ್ಲಿನವರು ಗೆಲ್ಲುತ್ತಾರೆ.

ಟ್ರಾನ್ಸಿಸ್ಟರಿನ ಗೆಲುವಿಗೆ ಒಂದು ಯುಕ್ತಿ ಕಾರಣ. 1927ರಲ್ಲಿ ಬೆಲ್ ಲ್ಯಾಬಿನ ಹೆರಾಲ್ಡ್ ಬ್ಲ್ಯಾಕ್, ಹೊರಬಂದ ಅಲೆಯ ಒಂದು ಚೂರನ್ನು ಒಳಬಾಗಿಲಿಗೆ ತಿರುಗಿಸಿ ತಂದು, ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಇರುವ ಅಂತರವನ್ನು ಆಂಪ್ಲಿಯೇ ತಿದ್ದಿಕೊಳ್ಳುವಂತೆ ಮಾಡಿದ. ನೆಗೆಟಿವ್ ಫೀಡ್‌ಬ್ಯಾಕ್. ತೊದಲುವ ಹುಡುಗನಿಗೆ ತನ್ನ ಮಗ್ಗಿ ತನಗೇ ಕೇಳಿಸುವಂತೆ ಮಾಡಿ ತಿದ್ದಿಸುವ ಹಾಗೆ. ವಾಲ್ವಿನಲ್ಲೂ ಇದು ಸಾಧ್ಯ, ಆದರೆ ನಡುವೆ ಕೂತ ಟ್ರಾನ್ಸ್‌ಫಾರ್ಮರು ಹೆಚ್ಚು ತಿದ್ದಲು ಬಿಡುವುದಿಲ್ಲ. ಟ್ರಾನ್ಸಿಸ್ಟರಿನಲ್ಲಿ ಬೇಕಾದಷ್ಟು ತಿದ್ದಬಹುದು. ಇದರ ಇನ್ನೊಂದು ಫಲ ಸ್ಪೀಕರಿನ ಮೇಲಿನ ಹಿಡಿತ. ಉಯ್ಯಾಲೆಗೆ ಒಂದು ತಳ್ಳು ಕೊಟ್ಟರೆ ಅದು ತಾನೇ ನಾಲ್ಕು ಸಲ ಆಡುತ್ತದಲ್ಲ, ಸ್ಪೀಕರಿನ ಕೋನೂ ಹಾಗೆಯೇ. ಟ್ರಾನ್ಸಿಸ್ಟರ್ ಆಂಪ್ಲಿ ಹಗ್ಗವನ್ನು ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ. ಫೀಡ್‌ಬ್ಯಾಕ್ ಇಲ್ಲದ ವಾಲ್ವಿನದು ಸಡಿಲ ಕೈ. ಅದರ ಒಳಪ್ರತಿರೋಧ ಎರಡು ಮೂರು ಓಮ್ ಇರುವುದುಂಟು, ಹಾಗಾಗಿ ಸ್ಪೀಕರಿನ ಸ್ವಭಾವದಲ್ಲಿನ ಏರುತಗ್ಗೆಲ್ಲ ಹಾಡಿನಲ್ಲಿ ಮೂಡುತ್ತದೆ. ಅದೇ ಆಂಪ್ಲಿ ಒಂದು ಮನೆಯಲ್ಲಿ ಅಮೃತ, ಇನ್ನೊಂದು ಮನೆಯಲ್ಲಿ ಗಂಜಿ ಎನಿಸುವುದು ಇದರಿಂದ.

ಇದನ್ನು 1985ರಲ್ಲೇ ಒಬ್ಬ ತೋರಿಸಿಕೊಟ್ಟಿದ್ದ. ಅಮೆರಿಕದ ಆಂಪ್ಲಿ ತಯಾರಕ ಬಾಬ್ ಕಾರ್ವರ್ ‘ಸ್ಟಿರಿಯೊಫೈಲ್’ ಪತ್ರಿಕೆಯವರಿಗೆ ಸವಾಲು ಹಾಕಿದ: ನಿಮ್ಮ ದುಬಾರಿ ಆಂಪ್ಲಿಯ ದನಿ ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಯಿಂದಲೇ ಬರುವಂತೆ ಮಾಡುತ್ತೇನೆ. ಅವರು ಮುಂದಿಟ್ಟದ್ದು ಒಂದು ವಾಲ್ವ್ ಆಂಪ್ಲಿಯನ್ನು. ಎರಡರ ಅಲೆಗಳನ್ನು ಒಂದರಿಂದೊಂದು ಕಳೆದು, ಉಳಿಕೆ ಸೊನ್ನೆಯ ಹತ್ತಿರ ಬರುವವರೆಗೆ ತನ್ನ ಆಂಪ್ಲಿಯನ್ನು ತಿದ್ದಿದ. ಕೊನೆಗೆ ಸಂಪಾದಕರಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಗಾಜಿನಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ಮಾಯೆ ಎರಡು ಮೂರು ಅಳೆಯಬಹುದಾದ ಅಂಕೆಗಳಾಗಿ ಹೊರಬಂತು.

ಹಾಗಾದರೆ ಗಾಜು ಯಾಕೆ? ಇದಕ್ಕೆ ಉತ್ತರ ತುಮಕೂರಿಗೆ ಗೊತ್ತಿರಬೇಕು. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ 1978ರಲ್ಲಿ ಶುರುವಾದದ್ದು ಕೀಲಿ ಕೊಡುವ ಗಡಿಯಾರಗಳ ಕಾಲದಲ್ಲಿ. 1985ರ ಹೊತ್ತಿಗೆ ಅದರ ಒಂದು ಭಾಗವನ್ನು ಕ್ವಾರ್ಟ್ಜ್ ಗಡಿಯಾರಕ್ಕೆ ಬದಲಿಸಿದರು. ಕ್ವಾರ್ಟ್ಜ್ ಹೆಚ್ಚು ನಿಖರ, ಹೆಚ್ಚು ಅಗ್ಗ, ಅದರಲ್ಲಿ ವಾದವಿಲ್ಲ. ಈಗ ಕಾರ್ಖಾನೆಯ ನೆಲ ಇಸ್ರೊ ಪಾಲಾಗಿದೆ. ಆದರೆ ಕೀಲಿ ಕೊಡುವ ಜನತಾ, ಪೈಲಟ್‌ಗಳನ್ನು ಹುಡುಕಿಕೊಂಡು ಈಗಿನ ಹುಡುಗರು ಬೆಂಗಳೂರಿನ ಹಳೆಯ ಅಂಗಡಿಗಳನ್ನು ಜಾಲಾಡುತ್ತಾರೆ. ವಾಲ್ವ್ ಪ್ರೀತಿಯೂ ಈ ಜಾತಿಯದ್ದೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಒಂದು ಅನುಮಾನ. ಜನತಾ ಗಡಿಯಾರ ದಿನಕ್ಕೆ ಅರ್ಧ ನಿಮಿಷ ತಪ್ಪಿದರೆ ಯಾರೂ ಅದನ್ನು ‘ಬೆಚ್ಚಗಿನ ಕಾಲ’ ಎನ್ನುವುದಿಲ್ಲ. ವಾಲ್ವಿನ ತಪ್ಪನ್ನು ಮಾತ್ರ ಕಿವಿ ಇಷ್ಟಪಡುತ್ತದೆ. ಗಡಿಯಾರದ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಕಳೆದ ಬೇಸಿಗೆಯಲ್ಲಿ ಮೂರೂ ಆಂಪ್ಲಿಗಳನ್ನು ಗುಬ್ಬಿಗೆ ಒಯ್ದೆವು. ಮೇಷ್ಟ್ರದು ಹಂಚಿನ ಮನೆ, ಮರದ ಅಟ್ಟ, ಪುಸ್ತಕದ ಕಪಾಟು. ನನ್ನ ಕೋಣೆಯ ಬರಿ ಗೋಡೆ, ಟೈಲ್ಸ್ ನೆಲದ ಪ್ರತಿಧ್ವನಿಯಿಲ್ಲ. (ಆಂಪ್ಲಿ ಬದಲಿಸುವ ಮೊದಲು ನೆಲಕ್ಕೊಂದು ಜಮಖಾನ ಹಾಸಿ ನೋಡಿ. ಯಾವ ಅಂಗಡಿಯವರೂ ಇದನ್ನು ಹೇಳುವುದಿಲ್ಲ.) ಮೂರರ ಸದ್ದನ್ನೂ ಸ್ಪೀಕರ್ ತುದಿಯಲ್ಲಿ ಮೀಟರಿಟ್ಟು ಸಮ ಮಾಡಿದೆವು. ಇದು ಅಗತ್ಯ, ಯಾಕೆಂದರೆ ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನು ‘ಚೆನ್ನಾಗಿದೆ’ ಎಂದೇ ಕರೆಯುತ್ತದೆ. ಮೇಷ್ಟ್ರ ಮಗಳು ಪರದೆಯ ಹಿಂದೆ ತಂತಿ ಬದಲಿಸುತ್ತಿದ್ದಳು. ನಾವು ಮೂವರೂ ಚೀಟಿಯಲ್ಲಿ ಬರೆಯಬೇಕು.

ವೀಣೆಯಲ್ಲಿ ಮೂವರ ಚೀಟಿಯೂ ಲಾಟರಿಯಂತಿತ್ತು. ತಮಟೆಯ ಮುದ್ರಣದಲ್ಲಿ ಮೂವರೂ ವಾಲ್ವನ್ನು ಪ್ರತಿ ಸಲ ಗುರುತಿಸಿದೆವು, ಪೆಟ್ಟಿನ ಬಾಲ ಉದ್ದವಾಗಿತ್ತು. ನೂರು ವ್ಯಾಟಿನದಕ್ಕೂ ನನ್ನ ಅಂಗೈ ಬೋರ್ಡಿಗೂ ನಡುವೆ ವ್ಯತ್ಯಾಸ ಹೇಳುವುದರಲ್ಲಿ ಮೂವರೂ ನಪಾಸು. ಕುಣಿಗಲ್ಲಿನವರಿಗೆ ಈ ಫಲಿತಾಂಶ ಅಷ್ಟು ರುಚಿಸಲಿಲ್ಲ. ಆಮೇಲೆ ಕುಣಿಗಲ್ಲಿನ 86 ಡೆಸಿಬೆಲ್ ಸ್ಪೀಕರಿಗೆ ವಾಲ್ವನ್ನು ಜೋಡಿಸಿ ಸದ್ದು ಏರಿಸಿದಾಗ ಅದು ಸುಸ್ತಾದದ್ದು ಎಲ್ಲರಿಗೂ ಗೊತ್ತಾಯಿತು. ಸುಸ್ತಾಗುವ ರೀತಿ ಮಾತ್ರ ಸೌಮ್ಯ: ಅಲೆಯ ತಲೆಯನ್ನು ಕತ್ತಿಯಲ್ಲಿ ಕಡಿದಂತಲ್ಲ, ಅಂಗೈಯಿಂದ ಒತ್ತಿದಂತೆ.

ಕೊಳ್ಳುವವರು ಕೇಳಿದರೆ ನಾನು ಹೇಳುವುದು ಇಷ್ಟೇ: ದುಡ್ಡನ್ನು ಸ್ಪೀಕರಿಗೆ ಹಾಕಿ, ಉಳಿದರೆ ಜಮಖಾನಕ್ಕೆ, ಕೊನೆಗೆ ಆಂಪ್ಲಿಗೆ. ಸ್ಪೀಕರು 92ಕ್ಕಿಂತ ಕೆಳಗಿನದಾದರೆ ಐದು ವ್ಯಾಟಿನ ವಾಲ್ವಿನ ಆಸೆ ಬಿಡಿ. ಎರಡೆರಡು ಇಎಲ್84 ಜೋಡಿ ಸೇರಿ ದುಡಿಯುವ ಹನ್ನೆರಡು–ಹದಿನೈದು ವ್ಯಾಟಿನದನ್ನು ನೋಡಿ. ತೋಟದ ಲೈನಿನಲ್ಲಿ ಮನೆಯಿದ್ದರೆ ಸ್ಟೆಬಿಲೈಸರ್ ಇಲ್ಲದೆ ವಾಲ್ವು ಬೇಡ. ತ್ರೀ ಫೇಸ್ ಬಂದು ಪಂಪ್‌ಸೆಟ್ಟುಗಳು ಎದ್ದಾಗ 230 ಇರಬೇಕಾದದ್ದು 200ಕ್ಕೆ ಕುಸಿದರೆ 6.3 ವೋಲ್ಟಿನ ಹೀಟರಿಗೆ 5.5 ಸಿಗುತ್ತದೆ, ನಡುರಾತ್ರಿ 255ಕ್ಕೆ ಏರಿದರೆ 7 ಆಗಿ ಆಯುಷ್ಯ ತಿನ್ನುತ್ತದೆ. ಚೌಕದ ಅಲೆಯ ಅಗ್ಗದ ಯುಪಿಎಸ್ಸಿನ ಮೇಲೆ ಹಾಕಿದರೆ ಟ್ರಾನ್ಸ್‌ಫಾರ್ಮರು ಜೇನುಗೂಡಿನಂತೆ ಗುಂಯ್‌ಗುಡುತ್ತದೆ. ಇನ್ನು ಮುಖ್ಯವಾದದ್ದು: ಒಳಗಿನ 250–300 ವೋಲ್ಟು ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಅಟ್ಟದಿಂದ ಇಳಿಸಿದ ಹಳೆಯ ರೇಡಿಯೊಗಳಲ್ಲಿ ಕೆಲವಕ್ಕೆ ಟ್ರಾನ್ಸ್‌ಫಾರ್ಮರೇ ಇಲ್ಲ, ತಗಡಿನ ಚಾಸಿಗೆ ನೇರ ಮೇನ್ಸಿನ ಸಂಬಂಧ. ಹುಡುಗುತನದಲ್ಲಿ ನಾನು ಹೊಡೆಸಿಕೊಂಡ ಶಾಕು ಮೊಣಕೈವರೆಗೂ ಈಗಲೂ ನೆನಪಿದೆ.

ಆ ದಿನ ಗುಬ್ಬಿಯಲ್ಲಿ ಎಲ್ಲ ಮುಗಿಸಿ, ಚೀಟಿಗಳನ್ನು ಹರಿದು, ಮೇಷ್ಟ್ರ ಇಷ್ಟದಂತೆ ವಾಲ್ವಿನಲ್ಲೇ ಸಿ. ಅಶ್ವಥ್ ಅವರ ಒಂದು ಭಾವಗೀತೆ ಹಾಕಿದೆವು. ಎರಡನೇ ಚರಣದಲ್ಲಿ ಕರೆಂಟು ಹೋಯಿತು. ಹಾಡು ಗಕ್ಕನೆ ನಿಲ್ಲಲಿಲ್ಲ. ಕೆಪಾಸಿಟರಿನಲ್ಲಿ ಉಳಿದದ್ದನ್ನು ಉಂಡು ಒಂದೆರಡು ಸೆಕೆಂಡು ಹಾಡುತ್ತಲೇ ತಗ್ಗಿ, ತಗ್ಗಿ, ಕರಗಿತು. ಬುರುಡೆಯ ಕೆಂಪು ಇನ್ನೂ ಆರಿರಲಿಲ್ಲ. ಫ್ಯಾನೂ ನಿಂತಿತ್ತು. ಅಷ್ಟು ಹೊತ್ತೂ ಅದು ಎಷ್ಟು ಸದ್ದು ಮಾಡುತ್ತಿತ್ತೆಂದು ಆಗ ತಿಳಿಯಿತು. ಮೇಷ್ಟ್ರು ಫೋನಿನ ತಂತಿ ಕಿತ್ತು, ಅಡುಗೆಮನೆಯಿಂದ ಹಿತ್ತಾಳೆ ಚೊಂಬು ತರಿಸಿ, ಹಾಡುತ್ತಿದ್ದ ಫೋನನ್ನು ಅದರೊಳಗೆ ನಿಲ್ಲಿಸಿದರು. ಕುರ್ಚಿಗಳನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡೆವು. ಉಳಿದ ಚರಣಗಳನ್ನು ಹಾಗೆಯೇ ಕೇಳಿದೆವು.